ಬಿಟ್ ಕಾಯಿನ್ನಿನ ಹಲ್ಲು ನೋಡಿದ ನಮ್ಮತ್ತೆ

ಈ ಭೂಮಿಯ ಮೇಲೆ ಬಿಟ್ ಕಾಯಿನ್ ಕೊಂಡವರು ಲಕ್ಷಗಟ್ಟಲೆ ಇದ್ದಾರು. ಆದರೆ ಕೊಳ್ಳುವ ಮುಂಚೆ ಅದರ ಬಾಯಿ ತೆರೆದು ಹಲ್ಲು ನೋಡಬೇಕು ಎಂದು ಹಟ ಹಿಡಿದವಳು ನಮ್ಮತ್ತೆ ಒಬ್ಬಳೇ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ!

ನಮ್ಮತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಜವನಗೊಂಡನಹಳ್ಳಿಯಿಂದ ಒಳಗೆ ಎರಡು ಮೈಲಿ ನಡೆದರೆ ಅವಳ ಊರು. ನಲವತ್ತು ಕುರಿ, ಎರಡು ಮೇಕೆ, ಒಂದು ಸ್ಮಾರ್ಟ್ ಫೋನು, ಇಷ್ಟು ಅವಳ ಸಂಸಾರ. ಕುರಿ ಮೇಯಲು ಬಿಟ್ಟು ಬೇವಿನ ಮರದ ಕೆಳಗೆ ಕೂತವಳು ಒಂದು ದಿನ ಅದ್ಯಾವುದೋ ವಿಡಿಯೋ ನೋಡಿದಳು. ಆ ಭಾನುವಾರ ನಾನು ಚಿತ್ರದುರ್ಗದಿಂದ ಬಸ್ಸಿಳಿದು ಹೋಗುವಷ್ಟರಲ್ಲಿ ಪ್ರಶ್ನೆ ಸಿದ್ಧವಾಗಿತ್ತು.

"ಲೇ ಹುಡುಗಿ, ಈ ಬಿಟ್ ಕಾಯಿನ್ನು ಎಷ್ಟು ಹಲ್ಲಿಂದು?"

ಕುರಿಯ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದ್ದು, ಹೀಗೆ. ನಾನು ಹೈಸ್ಕೂಲ್ ಟೀಚರು. ಗೊತ್ತಿಲ್ಲ ಎನ್ನುವುದು ನಮ್ಮ ಕಸುಬಿಗೆ ಒಗ್ಗದ ಮಾತು. ಹದಿನೈದು ವರ್ಷ ದಾಟಿದೆ ಎಂದೆ. "ಹಂಗಾರೆ ಬಾಯಿ ಕೂಡೈತೆ. ಮರಿ ಅಲ್ಲ, ನೋಡಬೋದು," ಎಂದು ತಲೆಯಾಡಿಸಿದಳು. ಹೀಗೆ ಶುರುವಾಯಿತು ನಮ್ಮತ್ತೆಯ ಕ್ರಿಪ್ಟೋ ವ್ಯಾಸಂಗ.

ಮೊದಲು ದರ ತೋರಿಸುವ ಒಂದು ವೆಬ್‌ಸೈಟು ಹಾಕಿಕೊಟ್ಟೆ. ಕೆಂಪು, ಹಸಿರು ಅಂಕಿಗಳು ಕುಣಿಯುತ್ತಿದ್ದವು. ಬಹಳ ಹೊತ್ತು ನೋಡಿದಳು.

"ಈ ಸಂತೆ ಎಷ್ಟೊತ್ತಿಗೆ ಮುಗೀತೈತೆ?"

"ಮುಗಿಯಲ್ಲ ಅತ್ತೆ. ಹಗಲು ರಾತ್ರಿ ನಡೀತಾನೇ ಇರ್ತೈತೆ."

"ಅಯ್ಯೋ! ಮತ್ತೆ ಇವರೆಲ್ಲ ಉಣ್ಣಾದು ಯಾವಾಗ?"

ಅವಳಿಗೆ ಆ ಹಣಕ್ಕಿಂತ ಆ ಜನರ ಊಟದ್ದೇ ಚಿಂತೆ! ಮುಂದೆ ಯಾವಾಗ ಫೋನ್ ಮಾಡಿದರೂ "ದರ ಬಿದ್ದೈತೆ, ಪಾಪ, ಯಾರೂ ಉಂಡಿರಕ್ಕಿಲ್ಲ," ಎನ್ನುವುದು ರೂಢಿಯಾಯಿತು.

ಆಮೇಲೆ ಪ್ರತಿ ಕಾಯಿನ್ನಿಗೂ ಅದನ್ನು ಮಾಡಿದವರು ಬರೆದಿಟ್ಟ ವಿವರಣಾ ಪತ್ರ ಇರುತ್ತದೆ, ಅದನ್ನು ಓದದೆ ಕೊಳ್ಳಬಾರದು ಎಂದೆ. ತಪ್ಪು ಮಾಡಿದೆ. ನಾಲ್ಕು ಭಾನುವಾರ ನನ್ನನ್ನು ಕೂರಿಸಿಕೊಂಡು ಓದಿಸಿದಳು. ಪ್ರತಿಯೊಂದಕ್ಕೂ ಅವಳದು ಎರಡೇ ಪ್ರಶ್ನೆ: ಮಾಡಿದವನ ಹೆಸರೇನು, ಊರು ಯಾವುದು? ಹೆಸರು ಊರು ಇಲ್ಲದ ಏಳು ಕಾಯಿನ್ನುಗಳನ್ನು ಅಲ್ಲೇ ಹೊರಗೆ ಹಾಕಿದಳು. ನಾನು ಸ್ವಲ್ಪ ಕೆಣಕೋಣ ಎಂದು, "ಬಿಟ್ ಕಾಯಿನ್ ಮಾಡಿದವನು ಯಾರು ಅಂತಾನೂ ಯಾರಿಗೂ ಗೊತ್ತಿಲ್ಲ ಅತ್ತೆ," ಎಂದೆ.

ಅತ್ತೆ ಎಲೆ ಅಡಿಕೆ ಅಗಿಯುತ್ತಾ ಯೋಚಿಸಿದಳು. "ಮಾಡಿಟ್ಟು ಹೋದೋನು ಇಷ್ಟು ವರ್ಷ ಆದ್ರೂ ಬಂದು ನಂದು ಅಂತ ಕೇಳಿಲ್ಲ ಅಂದ್ರೆ ಒಳ್ಳೆ ಮನುಷ್ಯನೇ ಇರಬೇಕು ಬಿಡು."

ಇದಕ್ಕೆ ಯಾವ ಅರ್ಥಶಾಸ್ತ್ರಜ್ಞ ಉತ್ತರ ಕೊಟ್ಟಾನು, ಹೇಳಿ!

ಸುಳ್ಳು ದುಡ್ಡಿನಲ್ಲಿ ವ್ಯಾಪಾರ ಕಲಿಸುವ ಆ್ಯಪ್ ಒಂದಿದೆ. ಅದರಲ್ಲಿ ಸೋತರೂ ಗೆದ್ದರೂ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನೇ ಹಾಕಿಕೊಟ್ಟೆ. ಎರಡನೇ ದಿನವೇ ಅತ್ತೆ ಸೋತಳು. ಮೂರನೇ ದಿನ ಫೋನ್ ಮಾಡಿದರೆ ದನಿಯೇ ಬಿದ್ದುಹೋಗಿತ್ತು. "ಅತ್ತೆ, ಅದು ಸುಳ್ಳು ರೊಕ್ಕ," ಎಂದೆ. "ರೊಕ್ಕ ಸುಳ್ಳಾದ್ರೆ ಏನು? ಹೊಟ್ಟೆ ಉರಿ ನಿಜವಾದ್ದೇ ಐತಲ್ಲೇ!" ಎಂದಳು. ಆದರೆ ಬಿಡಲಿಲ್ಲ. ಆರು ತಿಂಗಳು ಆ ಸುಳ್ಳು ದುಡ್ಡಿನಲ್ಲೇ ಕೊಂಡು ಮಾರಿ ಕೈ ಕುದುರಿಸಿಕೊಂಡಳು.

ಈ ನಡುವೆ ತಿಂಗಳಿಗೆ ಹಣ ಇಮ್ಮಡಿ ಮಾಡಿಕೊಡುತ್ತೇನೆ ಎನ್ನುವ ಒಬ್ಬ ಪುಣ್ಯಾತ್ಮ ಅವಳಿಗೂ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ. ಗಾಬರಿಯಾಗಿ ಫೋನ್ ಕಿತ್ತುಕೊಳ್ಳಲು ಹೋದರೆ ಕೈ ಅಡ್ಡ ಹಿಡಿದಳು. ಅವನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, "ಏನಪ್ಪ, ನನ್ನ ಕುರಿ ಬಸುರಾದ್ರೆ ಐದು ತಿಂಗಳು ಕಾಯಿಸ್ತೈತೆ, ಆಮೇಲೆ ಒಂದು ಮರಿ ಹಾಕ್ತೈತೆ. ನಿನ್ನ ರೊಕ್ಕ ತಿಂಗಳಿಗೇ ಈಯ್ತೈತೆ ಅಂದ್ರೆ ಏನು ಮೇವು ಹಾಕ್ತೀಯ?" ಎಂದು ಕೇಳಿದಳು. ಅವನು ಫೋನ್ ಇಟ್ಟುಬಿಟ್ಟ. ಅತ್ತೆಗೆ ನಿಜಕ್ಕೂ ಬೇಸರವಾಯಿತು. ಅವಳು ಉತ್ತರಕ್ಕೆ ಕಾಯುತ್ತಿದ್ದಳು.

ಕೊನೆಗೂ ಐನೂರು ರೂಪಾಯಿಯ ಬಿಟ್ ಕಾಯಿನ್ ಕೊಂಡಳು. ಅದನ್ನಿಡಲು ಫೋನಿನಲ್ಲೇ ಒಂದು ವಾಲೆಟ್ ಮಾಡಿಕೊಟ್ಟೆ. ಈ ವಾಲೆಟ್ಟಿನ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಫೋನ್ ಹಾಳಾದರೂ ಆ ಹನ್ನೆರಡನ್ನು ಒಂದಾದ ಮೇಲೊಂದರಂತೆ ಸರಿಯಾದ ವರಸೆಯಲ್ಲಿ ಹೇಳಿದರೆ ಎಲ್ಲ ವಾಪಸ್ ಬರುತ್ತದೆ. ಒಂದು ತಪ್ಪಿದರೂ ಇಲ್ಲ. "ಕಾಗದದಲ್ಲಿ ಬರೆದು ಪೆಟ್ಟಿಗೇಲಿಡಾಣ," ಎಂದೆ.

"ಕಾಗದಾನಾ? ರೇಷನ್ ಕಾರ್ಡಿನ ಅರ್ಜಿ ಯಾರು ತಿಂದಿದ್ದು?"

ಮೇಕೆ ತಿಂದಿತ್ತು. ಹಾಗಾಗಿ ಕಾಗದ ಬೇಡವೆಂದಾಯಿತು. ಪದಗಳನ್ನು ಒಂದೊಂದಾಗಿ ನನ್ನಿಂದ ಓದಿಸಿಕೊಂಡು ಬಾಯಿಪಾಠ ಮಾಡಿದಳು. ಆಮೇಲೆ ನಾನು ಅವನ್ನು ಮರೆತುಬಿಡಬೇಕೆಂದು ಟಗರಿನ ತಲೆ ಮುಟ್ಟಿಸಿ ಆಣೆ ಮಾಡಿಸಿದಳು. ಮರೆಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಮುಂದಿನ ಭಾನುವಾರ ಹೋದರೆ ಅತ್ತೆ ಬಯಲಲ್ಲಿ ನಿಂತು ಊರಿಗೇ ಕೇಳಿಸುವ ಹಾಗೆ ಕೂಗುತ್ತಿದ್ದಾಳೆ: "ಲೇ ಲೆಮನ್ನು! ಏ ಡಾಕ್ಟರ್ರೂ, ಹೊಲಕ್ಕೆ ಬಾಯಿ ಹಾಕಬ್ಯಾಡ! ಅಂಕಲ್ಲೂ, ಇತ್ತ ಬಾರೇ!"

ಹನ್ನೆರಡು ಕುರಿಗಳಿಗೆ ಹನ್ನೆರಡು ಗುಟ್ಟಿನ ಪದಗಳನ್ನೇ ಹೆಸರಾಗಿ ಇಟ್ಟಿದ್ದಾಳೆ! ಜಗತ್ತಿನ ಜನ ಉಕ್ಕಿನ ತಗಡಿನಲ್ಲಿ ಕೊರೆಸಿ ನೆಲದಲ್ಲಿ ಹೂಳುವ ಗುಟ್ಟು ನಮ್ಮೂರಿನಲ್ಲಿ ಜಾಲಿ ಗಿಡ ಮೇಯುತ್ತಿದೆ!

"ಅತ್ತೆ, ಊರಿಗೆಲ್ಲ ಗೊತ್ತಾಯ್ತಲ್ಲ!"

"ಹೆಸರು ಗೊತ್ತಾಗ್ಲಿ ಬಿಡು. ವರಸೆ ಗೊತ್ತೇನು? ಹುಟ್ಟಿದ ವರಸೆಗೇ ಹೆಸರಿಟ್ಟೀನಿ. ಯಾವುದು ಮೊದಲು ಹುಟ್ಟಿದ್ದು, ಯಾವುದು ಆಮೇಲೆ ಅಂತ ಹೆರಿಗೆ ಮಾಡಿಸ್ದೋಳಿಗೆ ಬಿಟ್ಟು ಯಾರಿಗೆ ಗೊತ್ತಿರ್ತೈತೆ?"

ಇದು ಸರಿಯಾದ ಭದ್ರತೆಯಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಯಾರೂ ಅನುಸರಿಸಬೇಡಿ. ಆದರೆ ಅವತ್ತು ವಾದದಲ್ಲಿ ನಾನು ಸೋತೆ.

ಇಷ್ಟೇ ಆಗಿದ್ದರೆ ತಮಾಷೆಯಾಗಿಯೇ ಉಳಿಯುತ್ತಿತ್ತು. ಹೊಸಬರಿಗಾಗಿ ಕನ್ನಡದಲ್ಲೇ ಕ್ರಿಪ್ಟೋ ಪಾಠ ಹೇಳಿ, ಪರೀಕ್ಷೆ ಮಾಡಿ, ಪಾಸಾದವರಿಗೆ ಸರ್ಟಿಫಿಕೇಟ್ ಕೊಡುವ ತಾಣವೊಂದನ್ನು ಅತ್ತೆ ತಾನೇ ಹುಡುಕಿಕೊಂಡಿದ್ದಳು. ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದಳು. ಸರ್ಟಿಫಿಕೇಟು ಕಾಗದದ್ದಲ್ಲ. ಆ ವಾಲೆಟ್ಟಿನೊಳಗೇ ಬಂದು ಕೂರುತ್ತದಂತೆ. ಫೋನಿನಲ್ಲಿ ಆ ಸುದ್ದಿಯನ್ನು ಎರಡೆರಡು ಸಲ ಹೇಳಿದಳು. "ಕಳಿಸು, ನೋಡ್ತೀನಿ," ಎಂದರೆ, "ಕಳ್ಸಲ್ಲ, ಬಾ. ಕೈಯಾಗೇ ತೋರಿಸ್ತೀನಿ," ಎಂದಳು.

ನಾನು ಹೋಗುವ ಮುನ್ನಾದಿನ ಫೋನು ಕುರಿ ನೀರು ಕುಡಿಯುವ ತೊಟ್ಟಿಗೆ ಬಿತ್ತು.

ಹಿರಿಯೂರಿನ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ ಕೈ ಚೆಲ್ಲಿದರು. ಅತ್ತೆ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಐನೂರು ರೂಪಾಯಿಯ ಮಾತೇ ಎತ್ತಲಿಲ್ಲ. "ನನ್ನ ಸಲ್ಟಿಪಿಕೇಟು," ಎಂದು ಒಂದೇ ಸಲ ಅಂದಳು. ಕುರಿ ಸತ್ತರೂ ಅಳದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇವಳಿಗೆ ಇದು ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ನಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಇನ್ನೊಂದು ಫೋನ್ ಕೊಂಡು ಸಂಜೆಗೆ ಊರು ಸೇರಿದೆವು. ಕುರಿಗಳು ಮುಳ್ಳುಬೇಲಿಯ ರೊಪ್ಪದೊಳಗೆ ಬರುವ ಹೊತ್ತು. ಅತ್ತೆ ರೊಪ್ಪದ ಬಾಗಿಲಲ್ಲಿ ನಿಂತಳು, ನಾನು ಫೋನ್ ಹಿಡಿದು ಕಲ್ಲಿನ ಮೇಲೆ ಕೂತೆ.

"ಮೊದಲ್ನೇದು ಲೆಮನ್. ಶಿವರಾತ್ರಿ ಹಿಂದಿನ ದಿನ ಹುಟ್ಟಿದ್ದು. ಆಮೇಲೆ ಡಾಕ್ಟರ್, ಅದರ ತಾಯಿಗೆ ಹಾಲಿರಲಿಲ್ಲ, ನಾನೇ ಬಾಟ್ಲೀಲಿ ಕುಡಿಸ್ದೆ. ಆಮೇಲೆ ಹೋಟೆಲ್…"

ಎಂಟರವರೆಗೂ ಎಲ್ಲಿಯೂ ತಡವರಿಸಲಿಲ್ಲ. ಒಂಬತ್ತಕ್ಕೆ ನಿಂತಳು. ಟಿಕೆಟ್, ಅಂಕಲ್ ಎರಡೂ ಅವಳಿ ಮರಿಗಳು. ಟಿಕೆಟ್ ಮೊದಲು ಎಂದಳು. ಮುಂದಿನವನ್ನೂ ಹಾಕಿ ಹನ್ನೆರಡು ಮುಗಿಸಿ ಒತ್ತಿದರೆ, ಪದಗಳು ಸರಿಯಿಲ್ಲ ಎಂದಿತು ಫೋನು.

ಅತ್ತೆ ಕಣ್ಣು ಮುಚ್ಚಿಕೊಂಡಳು. ಎರಡೂ ಕೈಯನ್ನು ಮುಂದೆ ಚಾಚಿ, ಮರಿ ಎಳೆದುಕೊಳ್ಳುವವಳ ಹಾಗೆ ನಿಧಾನಕ್ಕೆ ಹಿಂದಕ್ಕೆ ತಂದಳು.

"ಅಲ್ಲ ಕಣೇ. ಮೊದಲು ಕೈಗೆ ಸಿಕ್ಕಿದ್ದು ಮಡಚಿದ ಕಿವಿ. ಅದು ಅಂಕಲ್ಲಿಂದು. ಅಂಕಲ್ಲೇ ಮೊದಲು."

ಬದಲಾಯಿಸಿ ಒತ್ತಿದೆ. ವಾಲೆಟ್ಟು ತೆರೆಯಿತು!

ಬಿಟ್ ಕಾಯಿನ್ನಿನ ಕೆಳಗೆ ನೀಲಿ ಅಂಚಿನ ಒಂದು ಚಿತ್ರವಿತ್ತು. ದೊಡ್ಡದು ಮಾಡಿದೆ. ಕನ್ನಡದ ಅಕ್ಷರಗಳಲ್ಲಿ ಒಂದು ಹೆಸರು. ನಾವು ಯಾರೂ ಅವಳನ್ನು ಕರೆಯುವ ಹೆಸರಲ್ಲ ಅದು. ಅಕ್ಕ, ಅತ್ತೆ, ದೊಡ್ಡವ್ವ ಎಂದೇ ಊರೆಲ್ಲ ಕರೆಯುವುದು.

"ಇದ್ಯಾರ ಹೆಸರು ಅತ್ತೆ?"

"ನಂದೇ. ಇಸ್ಕೂಲಿಗೆ ಹಾಕಿದಾಗ ಮೇಷ್ಟ್ರು ಬರ್ಕಂಡಿದ್ದು. ಎರಡನೇ ಕ್ಲಾಸಿಗೆ ಬಿಡಿಸಿದ್ರಲ್ಲ, ನಿಮ್ಮಪ್ಪ ಹುಟ್ಟಿದ, ಕುರಿ ಕಾಯೋಕೆ ಯಾರೂ ಇರ್ಲಿಲ್ಲ. ಆಮ್ಯಾಕೆ ಆ ಹೆಸರಲ್ಲಿ ಯಾರೂ ಕರೀಲಿಲ್ಲ."

ನಮ್ಮಪ್ಪ ಸಿರಿಗೆರೆಯಲ್ಲಿ ಓದಿ ನೌಕರಿ ಹಿಡಿದವರು. ಅವರು ಓದಿದ್ದರಿಂದ ನಾನು ಟೀಚರಾದೆ. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಯಾರ ಜಾಗದಲ್ಲಿ ಕೂತು ಓದಿದೆವು ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ನೀನು ದಿನಾ ಮಕ್ಕಳ ಹಾಜರಿ ಕೂಗ್ತೀಯಲ್ಲ," ಅತ್ತೆ ಕುರಿಗಳ ಕಡೆ ನೋಡುತ್ತಾ ಹೇಳಿದಳು, "ಹಂಗೆ ಒಂದ್ಸಲ ಕೂಗು."

ನಾನು ಕಲ್ಲಿನಿಂದ ಎದ್ದು ನಿಂತು, ಕ್ಲಾಸಿನಲ್ಲಿ ಕೂಗುವ ಹಾಗೆಯೇ, ಗಟ್ಟಿಯಾಗಿ ಆ ಹೆಸರು ಕೂಗಿದೆ. ಅರವತ್ತೈದು ದಾಟಿದ ನಮ್ಮತ್ತೆ ಸೆರಗು ಸರಿಮಾಡಿಕೊಂಡು, ಕೈ ಕಟ್ಟಿ ನೆಟ್ಟಗೆ ನಿಂತಳು.

"ಬಂದೀನ್ರೀ ಸಾ."

ನಾನು ಹಾಜರಿ ಪುಸ್ತಕದಲ್ಲಿ ಗುರುತು ಹಾಕುವ ಹಾಗೆ ಗಾಳಿಯಲ್ಲಿ ಬೆರಳಾಡಿಸಿದೆ.

"ಇನ್ನೊಂದ್ಸಲ," ಎಂದಳು. ಕೂಗಿದೆ.