ಮಿಷಿಗನ್ನಿನ ಚರಂಡಿಯೂ ನಮ್ಮ ಭಾವನೂ

ಅಮೆರಿಕಕ್ಕೆ ಯಾರು ಅಧ್ಯಕ್ಷರಾಗಬೇಕು ಎಂದು ತಲೆ ಕೆಡಿಸಿಕೊಂಡವರು ನಮ್ಮ ಕುಂದಾಪುರದ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಹೋಟೆಲಿನಲ್ಲಿ ಒಂದು ಚಾ ಕುಡಿದು ಮುಗಿಸುವುದರೊಳಗೆ ಅಧ್ಯಕ್ಷರನ್ನು ಕುರ್ಚಿಯ ಮೇಲೆ ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ಬಿಲ್ ಕೊಟ್ಟು ಹೋಗುತ್ತಾರೆ. ಆದರೆ ಅಮೆರಿಕದ ಮಿಷಿಗನ್ ಎಂಬ ರಾಜ್ಯದ ಯಾವುದೋ ಮೂಲೆ ಜಿಲ್ಲೆಯ ಚರಂಡಿಗೆ ಯಾರು ಯಜಮಾನರಾಗಬೇಕು ಎಂಬ ಚಿಂತೆಯಲ್ಲಿ ಊಟ ಬಿಟ್ಟ ಮನುಷ್ಯ ಇಡೀ ಭರತಖಂಡದಲ್ಲಿ ಒಬ್ಬರೇ. ಅವರು ಇರುವುದು ಕಿರಿಮಂಜೇಶ್ವರದಲ್ಲಿ. ನನ್ನ ಅಕ್ಕನ ಗಂಡ. ನಾನೇನು ಪಾಪ ಮಾಡಿದ್ದೆನೋ!

ಚರಂಡಿಗೂ ಚುನಾವಣೆಯೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅಲ್ಲಿ ಪೊಲೀಸು ಅಧಿಕಾರಿಗೆ ಚುನಾವಣೆ, ನ್ಯಾಯಾಧೀಶರಿಗೆ ಚುನಾವಣೆ, ಶಾಲೆಯ ಮಂಡಳಿಗೆ ಚುನಾವಣೆ, ಮಳೆನೀರು ಹರಿದುಹೋಗುವ ಚರಂಡಿ ನೋಡಿಕೊಳ್ಳುವವನಿಗೂ ಚುನಾವಣೆ. ಭಾವನಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಅವರು ಹರೆಯದಲ್ಲಿ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಒಮ್ಮೆ ಅವರ ಹಡಗು ಮಿಷಿಗನ್ನಿನ ಒಂದು ಸಣ್ಣ ಬಂದರಿನಲ್ಲಿ ಎಂಜಿನ್ ಕೆಟ್ಟು ನಿಂತಿತು. ರಿಪೇರಿ ಆಗುವಷ್ಟರಲ್ಲಿ ಸುತ್ತಲಿನ ನೀರು ಗಟ್ಟಿಯಾಗಿ, ಚಳಿಗಾಲ ಪೂರ್ತಿ ಅಲ್ಲೇ ಉಳಿಯಬೇಕಾಯಿತು. ಊರು ಸುತ್ತಲು ಹೊರಟ ಭಾವ, ಮನೆಮನೆಯ ಅಂಗಳದಲ್ಲೂ ಒಂದೇ ಹೆಸರಿನ ಬೋರ್ಡು ನೆಟ್ಟಿರುವುದನ್ನು ಕಂಡರಂತೆ. ಸಂಜೆ ಹಡಗಿಗೆ ಬಂದವರೇ ಸಂಗಡಿಗರಿಗೆ ಹೇಳಿದರಂತೆ: "ಈ ಊರಂಗೆ ಒಬ್ನೇ ಧನಿ ಮಾರಾಯ್ರೆ! ಅರ್ಧ ಊರಿನ ಮನಿ ಎಲ್ಲಾ ಅವಂದೇ!"

ಅದು ಚರಂಡಿ ಚುನಾವಣೆಗೆ ನಿಂತವನ ಪ್ರಚಾರದ ಬೋರ್ಡು ಎಂದು ತಿಳಿಯಲು ಅವರಿಗೆ ವಾರ ಹಿಡಿಯಿತು. ಆ ಧನಿಯೇ ಒಂದು ದಿನ ಹಡಗಿನವರಿಗೆಲ್ಲ ಕಂಬಳಿ ತಂದುಕೊಟ್ಟನಂತೆ. ಬೋಳುತಲೆಯ ಮನುಷ್ಯ. ಚುನಾವಣೆ ಮುಗಿದು, ತಾನು ಗೆದ್ದಾದ ಮೇಲೆ, ಓಟಿಲ್ಲದ ಪರದೇಶಿಗಳಿಗೆ ಕಂಬಳಿ ಕೊಟ್ಟ ರಾಜಕಾರಣಿ! ನಮ್ಮಲ್ಲಿ ಓಟಿದ್ದವರಿಗೇ ಗೆದ್ದ ಮೇಲೆ ಮುಖ ಕಾಣಿಸುವುದಿಲ್ಲ. ಭಾವ ಅಂದಿನಿಂದ ಆ ಬೋಳುತಲೆಯ ಪಕ್ಷ.

ಊರಿಗೆ ಬಂದು ನೆಲೆ ನಿಂತ ಮೇಲೆ ಭಾವ ಇಲ್ಲಿನ ಚುನಾವಣೆಗಳಿಗೂ ಕೈಹಾಕದೆ ಬಿಡಲಿಲ್ಲ. ಪಂಚಾಯತು, ಸೊಸೈಟಿ, ಯುವಕ ಮಂಡಲ, ಯಾವುದಾದರೂ ಸರಿ, ಯಾರು ಗೆಲ್ಲುತ್ತಾರೆ ಎಂದು ಮುಂಚಿತವಾಗಿ ಸಾರುವುದು ಅವರ ಕೆಲಸ. ಅವರು ಗೆಲ್ಲುತ್ತಾರೆ ಎಂದವರು ಒಬ್ಬರೂ ಗೆದ್ದ ದಾಖಲೆ ಇಲ್ಲ. ಕೊನೆಕೊನೆಗೆ ಅಭ್ಯರ್ಥಿಗಳು ಅಂಜಲ್ ಮೀನು ಹಿಡಿದುಕೊಂಡು ಮನೆಗೆ ಬರತೊಡಗಿದರು. "ಬಾವಯ್ಯ, ದಮ್ಮಯ್ಯ, ನಾ ಸೋಲ್ತೆ ಅಂದೇಳಿ ನಾಲ್ಕ್ ಜನಕ್ಕ್ ಹೇಳಿ" ಎಂದು ಬೇಡಿಕೊಳ್ಳುತ್ತಿದ್ದರು. ಅಕ್ಕ ಆ ಮೀನನ್ನು ಹುರಿದು ಬಡಿಸುತ್ತ, "ಇವ್ರ ಬಾಯಿಗ್ ಇಷ್ಟಾದ್ರೂ ಬೆಲೆ ಬಂತಲೆ" ಎನ್ನುತ್ತಿದ್ದಳು.

ಒಮ್ಮೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿಗೂ ಒಬ್ಬ ಚರಂಡಿ ಕಮಿಷನರ್ ಬೇಕು, ಅವನನ್ನು ಊರವರೇ ಆರಿಸಬೇಕು ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, "ಮೊದ್ಲ್ ಚರಂಡಿ ಆಯ್ಲಿ, ಮತ್ತೆ ಕಮಿಷನರ್ ಕಾಂಬ" ಎಂದರು. ಸಭೆ ನಕ್ಕಿತು. ಚರಂಡಿ ಇವತ್ತಿಗೂ ಆಗಿಲ್ಲ. ಮಳೆಗಾಲದಲ್ಲಿ ಭಾವನ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ, ಆ ನೀರನ್ನು ನೋಡುತ್ತ ಭಾವ ಜಗಲಿಯಲ್ಲಿ ಕೂತು ಮಿಷಿಗನ್ನಿನ ಸುದ್ದಿ ಓದುತ್ತಿರುತ್ತಾರೆ.

ಇಷ್ಟಾಗಿದ್ದರೆ ಇದು ಬರೀ ನಗುವ ಕತೆಯಾಗುತ್ತಿತ್ತು. ಆದರೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕುಂದಾಪುರದ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ನನ್ನ ಸ್ಟೇಷನರಿ ಅಂಗಡಿ ಆಸ್ಪತ್ರೆಯಿಂದ ಕೂಗಳತೆಯ ದೂರ. ಹಾಗಾಗಿ ಆ ದಿನಗಳಲ್ಲಿ ನಾನೂ ಅಲ್ಲಿ ಹಾಜರು. ಆ ಕೋಣೆಗೆ ಹೋಗಿ ಕೂತವರಿಗೆ ಗೊತ್ತು. ರಕ್ತವೆಲ್ಲ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುವಷ್ಟು ಹೊತ್ತೂ ಕೈ ಅಲ್ಲಾಡಿಸದೆ ಮಲಗಿರಬೇಕು. ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರ ಮುಖವನ್ನು ಯಾರೂ ನೋಡುವುದಿಲ್ಲ.

ಅಂಥ ಕಡೆ ನಮ್ಮ ಭಾವ ಏನು ಮಾಡಿದರು ಗೊತ್ತೇ? ಹೆಂಡತಿಯ ತಲೆ ನೇವರಿಸಿದರೇ? ವಿಷ್ಣು ಸಹಸ್ರನಾಮ ಓದಿದರೇ? ಇಲ್ಲ! ಸ್ಟೂಲು ಎಳೆದುಕೊಂಡು ಕೂತು, ಮೊಬೈಲ್ ತೆಗೆದು, ಮಿಷಿಗನ್ನಿನ ಚರಂಡಿ ಚುನಾವಣೆಯ ಪ್ರಚಾರ ಹೇಗೆ ನಡೆದಿದೆ ಎಂದು ಓದಿ ಹೇಳತೊಡಗಿದರು. ಅಲ್ಲಿ ಮತ್ತೆ ಚುನಾವಣೆ ಬಂದಿತ್ತು. ಬೋಳುತಲೆ ಮುದುಕನಾಗಿದ್ದರೂ ಮತ್ತೆ ನಿಂತಿದ್ದ. ಎದುರಿಗೆ ಕೆಂಪು ಕೋಟಿನ ಒಬ್ಬ ಹೆಂಗಸು. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ ಅಕ್ಕ ಕಣ್ಣು ತೆರೆದಳು.

"ಹ್ವಾಯ್, ಆ ಕೆಂಪ್ ಕೋಟಿನ ಹೆಂಗ್ಸ್ ನಮ್ದ್" ಎಂದಳು.

ಭಾವ ಬೆಚ್ಚಿಬಿದ್ದರು. "ಅವ್ಳಿಗೆ ಚರಂಡಿ ವಿಷ್ಯ ಎಂತ ಗೊತ್ತಿತ್ತ್?"

"ಪಾತ್ರೆ ತೊಳ್ದ ನೀರ್ ಎಲ್ಲಿಗ್ ಹೋತ್ತ್ ಅಂದೇಳಿ ಹೆಂಗ್ಸಿಗ್ ಗೊತ್ತಿಲ್ದೆ ನಿಮ್ ಬೋಳ್ ಮಂಡಿಯವ್ನಿಗ್ ಗೊತ್ತಿರತ್ತಾ?"

ಅಷ್ಟೇ! ಮನೆಯಲ್ಲಿ ಎರಡು ಪಕ್ಷವಾಯಿತು. ಮಂಗಳವಾರ ಶುರುವಾದ ಜಗಳ ಶುಕ್ರವಾರ ಮುಂದುವರಿಯುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಗುಲ್ವಾಡಿಯ ಒಬ್ಬ ಹಿರಿಯರು ಇದ್ದರು. ಯಾರೊಡನೆಯೂ ತುಟಿ ಬಿಚ್ಚದವರು. ಅವರೂ ಒಂದು ದಿನ ತಲೆ ತಿರುಗಿಸಿ, "ನಮ್ ಹೆಂಗ್ಸ್ ಹ್ಯಾಂಗಿತ್ತ್?" ಎಂದು ಕೇಳಿದರು. ಸಿಸ್ಟರು ಒಬ್ಬಳು ಬೋಳುತಲೆಯ ಕಡೆ ಸೇರಿಕೊಂಡಳು. ಆ ಕೋಣೆಯಲ್ಲಿ ಜನ ನಗುವುದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಆಗ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಸಾಯುವವರ ಮಗ್ಗುಲಲ್ಲಿ ಕೂತು ಚರಂಡಿ ಪುರಾಣ ಹೇಳುವುದು ಎಂಥ ಬುದ್ಧಿ ಎಂದು ಒಳಗೊಳಗೇ ಬೈದುಕೊಂಡೆ.

ಮತದಾನದ ಹಿಂದಿನ ವಾರ ಭಾವ ಅಕ್ಕನನ್ನೂ ನನ್ನನ್ನೂ ಕುಂಭಾಶಿಯ ಗಣಪತಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಕ್ಕನ ಆರೋಗ್ಯಕ್ಕೆ ಗಣಹೋಮ ಇರಬೇಕು ಎಂದುಕೊಂಡೆ. ಭಟ್ಟರು ಸಂಕಲ್ಪಕ್ಕೆ ಹೆಸರು, ನಕ್ಷತ್ರ ಕೇಳಿದರು. ಭಾವ ಬೋಳುತಲೆಯ ಹೆಸರು ಹೇಳಿಬಿಟ್ಟರು!

"ನಕ್ಷತ್ರ ಗೊತ್ತಿಲ್ಲೆ ಭಟ್ರೆ. ಊರ್ ಮಿಷಿಗನ್."

ಭಟ್ಟರು ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಮೂರನೆಯ ಸಲ ಕೈಬಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಅಕ್ಕ, "ಕೆಂಪ್ ಕೋಟಿನ ಹೆಂಗ್ಸಿನ ಹೆಸ್ರಲ್ಲೂ ಒಂದ್ ಮಾಡಿ" ಎಂದಳು. "ಒಂದೇ ಕುರ್ಚಿಗೆ ಇಬ್ರೂ ಬೇಡಿಕೊಂಡ್ರೆ ದೇವರು ಯಾರಿಗೆ ಅಂತ ಕೊಡೂದು?" ಎಂದು ಭಟ್ಟರು ನಗುತ್ತಲೇ ಹೋಮ ಮುಗಿಸಿದರು. ಪ್ರಸಾದ ಹಿಡಿದು ಮೆಟ್ಟಿಲಿಳಿಯುವಾಗ ಅಕ್ಕ ನಿಂತು ಉಸಿರು ತೆಗೆದುಕೊಂಡಳು. "ಕಾಣ್ ತಮ್ಮ, ನನ್ ಕಿಡ್ನಿ ವಿಷ್ಯ ಹೇಳುಕೇ ಮರ್ತ್ ಹೋಯ್ತ್" ಎಂದಳು. ಮೂವರೂ ನಕ್ಕೆವು. ಆದರೆ ಭಾವ ನಗುವುದನ್ನು ಬೇಗ ನಿಲ್ಲಿಸಿದರು.

ಚುನಾವಣೆ ಆಯಿತು. ಎಣಿಕೆಯೂ ಆಯಿತು. ಇಬ್ಬರಿಗೂ ಹೆಚ್ಚುಕಡಿಮೆ ಸಮ ಸಮ ಬಂದು ಮರುಎಣಿಕೆ ಆಗಬೇಕು ಎಂದು ತೀರ್ಮಾನವಾಯಿತು. ಕೋಣೆಗೆ ಕೋಣೆಯೇ ಕಾದು ಕೂತಿತು.

ಆ ನಡುವೆ ಒಂದು ಮಂಗಳವಾರ ನಾವು ಹೋದಾಗ ಗುಲ್ವಾಡಿಯವರ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅವತ್ತು ಯಾರೂ ಚರಂಡಿಯ ಸುದ್ದಿ ತೆಗೆಯಲಿಲ್ಲ. ಅಕ್ಕ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳು ನನಗೆ ಕೈ ಕೂಡ ಬೀಸಲಿಲ್ಲ.

ಅದಾಗಿ ವಾರಗಳು ಕಳೆದವು. ಮರುಎಣಿಕೆ ಮುಗಿಯುವ ಲಕ್ಷಣವೇ ಇಲ್ಲ! ಭಾವ ಪ್ರತಿ ಸಲವೂ ಬಂದು ಹೊಸದೊಂದು ವಿಘ್ನ ಹೇಳುತ್ತಿದ್ದರು. ಒಂದು ಸಲ ಎಣಿಸುವ ಮೆಷಿನ್ ಕೆಟ್ಟಿತು. ಇನ್ನೊಂದು ಸಲ ಹಿಮ ಬಿದ್ದು ಎಣಿಸುವವರು ಬರಲಿಲ್ಲ. ಮತ್ತೊಂದು ಸಲ ಒಂದು ಡಬ್ಬಿಯ ಬೀಗದ ಕೈ ಸಿಗಲಿಲ್ಲ. ನಮ್ಮ ಪಂಚಾಯತೇ ವಾಸಿ ಎನಿಸಿತು ನನಗೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ಒಂದು ಡಬ್ಬಿಯ ಬೀಗ ಒಡೆಯಲು ಬರುವುದಿಲ್ಲವೇ?

ಅನುಮಾನ ಬಂದು, ಒಂದು ಶುಕ್ರವಾರ ಅಂಗಡಿಯಲ್ಲಿ ಕೂತು ನಾನೇ ಮೊಬೈಲಿನಲ್ಲಿ ಹುಡುಕಿದೆ. ಫಲಿತಾಂಶ ಯಾವಾಗಲೋ ಬಂದಿತ್ತು. ಕೆಂಪು ಕೋಟಿನ ಹೆಂಗಸು ಗೆದ್ದಿದ್ದಳು! ಕೈಯೆತ್ತಿ ಪ್ರಮಾಣವಚನ ತೆಗೆದುಕೊಳ್ಳುವ ಫೋಟೋ ಕೂಡ ಇತ್ತು. ನನ್ನ ಸಿಟ್ಟು ನೆತ್ತಿಗೇರಿತು. ಹೆಂಡತಿಯ ಕಡೆಯವಳು ಗೆದ್ದದ್ದನ್ನು ಒಪ್ಪಿಕೊಳ್ಳಲಾಗದ ಗಂಡಸಿನ ಜಂಬ ಎಷ್ಟಿರಬಹುದು! ಅಂಗಡಿಯ ಬಾಗಿಲು ಎಳೆದು ಓಡಿದೆ. ಭಾವ ಡಯಾಲಿಸಿಸ್ ಕೋಣೆಯ ಹೊರಗೆ, ಕುಡಿಯುವ ನೀರಿನ ಫಿಲ್ಟರಿನ ಹತ್ತಿರ ಬಾಟಲಿ ತುಂಬಿಸುತ್ತಿದ್ದರು.

"ಬಾವ, ಎಂತ ಇದ್? ಅಕ್ಕನ ಕಡಿಯವ್ಳ್ ಗೆದ್ದ್ ಎಷ್ಟ್ ದಿನ ಆಯ್ತ್! ಸೋತದ್ದ್ ಹೇಳುಕ್ ನಾಚ್ಕಿಯಾ ನಿಮ್ಗೆ?"

ಭಾವ ನಲ್ಲಿ ನಿಲ್ಲಿಸಿದರು. ಬಾಟಲಿಯ ಮುಚ್ಚಳ ಹಾಕಿದರು.

"ಮೆಲ್ಲ ಮಾತಾಡ್, ಒಳ್ಗ್ ಕೇಂತ್" ಎಂದರು. "ಗುಲ್ವಾಡಿಯವ್ರ್ ಹೋದ ದಿನ ಬಸ್ಸಂಗೆ ನಿನ್ ಅಕ್ಕ ಹೇಳಿದ್ಲ್. ನಂಗ್ ಸಾಕಾಯ್ತ್, ಈ ಸೂಜಿ ಇನ್ ಬ್ಯಾಡ, ನಾ ಇನ್ ಬತ್ತಿಲ್ಲೆ ಅಂದ್ಲ್. ನಾ ಎಂತ ಹೇಳುದ್? ದಮ್ಮಯ್ಯ ಅಂದೆ. ಮಕ್ಳ್ ಪರ ಊರಿಂದ ಫೋನ್ ಮಾಡಿ ಹೇಳಿದ್ರ್. ಕೇಣ್ಲಿಲ್ಲೆ. ಕಡೀಗ್ ಎಂತ ಹೇಳಿದ್ಲ್ ಗೊತ್ತಿತ್ತಾ? ಆ ಎಣ್ಸುದ್ ಒಂದ್ ಮುಗೀಲಿ, ನಮ್ಮವ್ಳ್ ಗೆದ್ಲಾ ಕಂಡ್ಕಂಡ್ ನಿಲ್ಸ್ತೆ ಅಂದ್ಲ್."

ನಾನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡೆ.

"ಮಾರನೇ ದಿನವೇ ಗೆದ್ಲ್ ಅವ್ಳ್" ಎಂದರು ಭಾವ. "ನಾ ಹ್ಯಾಂಗ್ ಹೇಳ್ಲಿ?"

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ, ಬೈದಿದ್ದೇನೆ, ಬೇರೆಯವರಿಗೆ ಹೇಳಿ ನಗಿಸಿದ್ದೇನೆ. ಆ ಫಿಲ್ಟರಿನ ಮುಂದೆ ನಿಂತು ನನಗೆ ಅಳು ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತರೆ ಯಾರೂ ಏನೂ ಕೇಳುವುದಿಲ್ಲ, ಅದೊಂದು ಅನುಕೂಲ.

ಒಳಗೆ ಹೋದಾಗ ಸಿಸ್ಟರ್ ಅಕ್ಕನ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದಳು. ಅಕ್ಕ ತುಂಬ ಸೋತಿದ್ದಳು. ನನ್ನನ್ನು ಕಂಡು ಹತ್ತಿರ ಕರೆದಳು.

"ತಮ್ಮ, ನಿಂಗ್ ಇಂಗ್ಲಿಷ್ ಓದುಕ್ ಬತ್ತ್ ಅಲ್ದಾ. ಇವ್ರ್ ಹೇಳುದ್ ಒಂದೂ ನಂಗ್ ಸಮಾ ಗೊತ್ತಾತಿಲ್ಲೆ. ನಿನ್ ಫೋನಲ್ಲ್ ಕಂಡ್ ಹೇಳ್. ಯಾರ್ ಗೆದ್ರ್?"

ಭಾವ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಿದ್ದರು. ನಾನು ಫೋನ್ ತೆಗೆದೆ. ಆ ಹೆಂಗಸು ಇನ್ನೂ ಅಲ್ಲೇ ಇದ್ದಳು, ಕೆಂಪು ಕೋಟು ಹಾಕಿಕೊಂಡು, ಬಲಗೈ ಎತ್ತಿಕೊಂಡು, ಬಾಯಿ ತುಂಬ ನಗುತ್ತ. ನಾನು ಓದುವವನ ಹಾಗೆ ಬೆರಳಿನಿಂದ ಮೇಲೆ ಕೆಳಗೆ ಸರಿಸಿದೆ.

"ಇನ್ನೂ ಎಣ್ಸ್ತಾ ಇದ್ರ್ ಅಕ್ಕ" ಎಂದೆ. "ಈಗ ಕೋರ್ಟಿಗ್ ಹೋಯ್ತಂಬ್ರ್."

ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ನನ್ನನ್ನು ಎತ್ತಿ ಆಡಿಸಿದ ಅಕ್ಕನಿಗೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದಳು.

"ಕೋರ್ಟ್ ಅಂದ್ರೆ ತಡ ಆತ್ತ್ ಅಲ್ದಾ" ಎಂದಳು. ಮತ್ತೆ ಸೆರಗು ಸರಿಮಾಡಿಕೊಂಡು, ಏಳಲು ಭಾವನ ಕಡೆ ಕೈ ಚಾಚಿದಳು. "ಹಾಂಗಾರೆ ಮಂಗಳ್ವಾರ ಮತ್ತೆ ಬಪ್ಪ."