ಗೋಡೆ ಹತ್ತಿದ ಷಡ್ಡಕ

"ಈ ಭಾನುವಾರ ಊಟ ಮುಗಿಸಿ ಏಳೋದ್ರೊಳಗೆ ಆ ಗೋಡೆ ಮೇಲೆ ನನ್ನ ಫೋಟೋಗೆ ಜಾಗ ಗಿಟ್ಟಿಸದೇ ಇದ್ರೆ, ನನ್ನ ಹೆಸರು ಬದಲಾಯಿಸಿ ಕರಿ!" ಎಂದು ಫ್ರೇಮಯ್ಯನವರು ಹೆಂಡತಿಯ ಮುಂದೆ ಗುಡುಗಿದರು.

"ಹೆಸರಿಗೇನಾಗಿದೆ ಪಾಪ! ಮೊದಲು ಆ ಅಂಗಿ ಬದಲಾಯಿಸಿ," ಎಂದರು ಆಕೆ.

ಫೋಟೋಗಳಿಗೆ ಕಟ್ಟು ಹಾಕುವುದು ಫ್ರೇಮಯ್ಯನವರ ಕಸುಬು. ಬೀದಿಯ ತಿರುವಿನಲ್ಲಿ ಒಬ್ಬ ಅಜ್ಜಿ ನಡೆಸುವ ಹಳೆಯ ಇಟಾಲಿಯನ್ ಹೋಟೆಲು. ಕೆಂಪು ಚೌಕುಳಿಯ ಮೇಜುಬಟ್ಟೆ, ಖಾಲಿ ಬಾಟಲಿಯ ಬಾಯಲ್ಲಿ ಮೇಣದಬತ್ತಿ, ಬಾಗಿಲು ತೆಗೆದರೆ ಬೆಳ್ಳುಳ್ಳಿಯ ಘಮ. ಅಜ್ಜಿಗೆ ಯಾವ ಗಿರಾಕಿಯ ಮೇಲೆ ಪ್ರೀತಿ ಬಂದರೂ ಅವರ ಫೋಟೋ ಗೋಡೆ ಹತ್ತುತ್ತಿತ್ತು. ಅಷ್ಟೂ ಫೋಟೋಗಳಿಗೆ ಕಟ್ಟು ಹಾಕಿದವರು ಫ್ರೇಮಯ್ಯನವರು. ಸಾಲುಸಾಲು ಮೊಳೆ ಹೊಡೆದರೆ ಗೋಡೆ ಹಾಳು ಎಂದು ಅಜ್ಜಿ ಕೊರಗಿದಾಗ, ಈ ತುದಿಯಿಂದ ಆ ತುದಿಗೆ ಒಂದೇ ತಂತಿ ಎಳೆದು, ಎರಡೇ ಮೊಳೆಯಲ್ಲಿ ಎಲ್ಲರನ್ನೂ ತೂಗುಹಾಕಿದ ಮಹಾಶಿಲ್ಪಿಯೂ ಅವರೇ! ಅವರ ಮುಖ ಮಾತ್ರ ಅಲ್ಲಿರಲಿಲ್ಲ.

ಅದನ್ನೂ ನುಂಗಿಕೊಂಡಿದ್ದರು. ಆದರೆ ಹೋದ ವಾರ ಅಜ್ಜಿ ಕಟ್ಟು ಹಾಕಲು ಕಳಿಸಿದ ಫೋಟೋದಲ್ಲಿ ಹಲ್ಲು ಕಿರಿಯುತ್ತಿದ್ದವನು ಯಾರು? ಸಾಕ್ಷಾತ್ ಷಡ್ಡಕ! ಹೆಂಡತಿಯ ಅಕ್ಕನ ಗಂಡ, ಕೊಳಾಯಿ ರಿಪೇರಿಯವನು. ಊಟಕ್ಕೆ ಕೂತಿದ್ದಾಗ ಹೋಟೆಲಿನ ಅಡುಗೆಮನೆಯ ಕೊಳಾಯಿ ಕಿತ್ತುಕೊಂಡಿತಂತೆ, ಫೋರ್ಕು ಬಿಸಾಡಿ ಓಡಿಹೋಗಿ ಸರಿಮಾಡಿದನಂತೆ. ಅಷ್ಟಕ್ಕೇ ಗೋಡೆ!

ಫ್ರೇಮಯ್ಯನವರ ಹೊಟ್ಟೆ ಧಗಧಗ ಉರಿಯಿತು. "ಈ ಮೂತಿಗೆ ಗಾಜು ಬೇರೆ ಕೇಡು!" ಎಂದು ಗೊಣಗುತ್ತ, ಗಾಜಿನ ಬದಲು ಅಗ್ಗದ ಪ್ಲಾಸ್ಟಿಕ್ ಹಾಳೆ ಹಾಕಿ, ಸುತ್ತ ಸವಕಲು ಪಟ್ಟಿ ಬಡಿದು, ಒಯ್ದು ತಂತಿಯ ತುದಿಗೆ ನೇತುಹಾಕಿ ಬಂದರು. ತಮ್ಮ ಭಾವಚಿತ್ರಕ್ಕೆಂದು ಮಾತ್ರ ಬಳ್ಳಿ ಕೆತ್ತಿದ, ಚಿನ್ನದ ಬಣ್ಣದ ಭರ್ಜರಿ ಕಟ್ಟೊಂದನ್ನು ಮಾಡಿ ಮಂಚದ ಕೆಳಗೆ ಬಚ್ಚಿಟ್ಟರು.

ಉಪಾಯ ಸರಳವಾಗಿತ್ತು. ಷಡ್ಡಕನ ಫೋಟೋ ಬೀಳಬೇಕು, ಅಜ್ಜಿ ಅಯ್ಯೋ ಎನ್ನಬೇಕು, ಇವರು ಜೇಬಿನಿಂದ ಸುತ್ತಿಗೆ ತೆಗೆದು ಹೋಟೆಲಿನ ಮಾನ ಕಾಪಾಡಬೇಕು!

ಭಾನುವಾರ ಬಂತು. ಸ್ಪಗೆಟ್ಟಿಯೂ ಬಂತು.

"ತಟ್ಟೆ ಬಿಟ್ಟು ಗೋಡೆ ಯಾಕೆ ನೋಡ್ತಿದ್ದೀರಿ?" ಎಂದರು ಎದುರು ಕೂತಿದ್ದ ಹೆಂಡತಿ.

"ಯಾರದೋ ಮುಖ ನೋಡಿ ಹಸಿವೇ ಸತ್ತುಹೋಯ್ತು."

"ಭಾವ ಎಷ್ಟು ಚೆನ್ನಾಗಿ ಬಂದಿದ್ದಾರೆ ಅಲ್ವಾ?"

ಅಷ್ಟು ಸಾಕಾಯಿತು! ಕೈತೊಳೆಯುವ ನೆಪದಲ್ಲಿ ಎದ್ದ ಫ್ರೇಮಯ್ಯನವರು, ಷಡ್ಡಕನ ಕಿವಿಯ ಪಕ್ಕದಲ್ಲಿದ್ದ ಮೊಳೆಗೆ ಜೇಬಿನಲ್ಲಿದ್ದ ಇಕ್ಕಳ ಹಾಕಿ ಒಮ್ಮೆ ಜಗ್ಗಿದರು. ಅದು ತಂತಿಯ ಮೊಳೆ. ಸ್ವತಃ ತಾವೇ ಹೊಡೆದದ್ದು! ಹೊಟ್ಟೆಕಿಚ್ಚಿನ ಭರದಲ್ಲಿ ಅದೊಂದು ಮರೆತುಹೋಗಿತ್ತು.

ಸರ್ರ್ರ್... ಢಣ್! ಹಲ್ಲಿನ ಡಾಕ್ಟರು, ಪೋಸ್ಟ್‌ಮಾಸ್ತರು, ಕೈ ಕೈ ಹಿಡಿದ ಮದುಮಕ್ಕಳು, ಎಲ್ಲರೂ ಒಬ್ಬರ ಮೇಲೊಬ್ಬರು ಜಾರಿ ಧರಾಶಾಯಿಯಾದರು. ನಿವೃತ್ತ ಹೆಡ್‌ಮಾಸ್ತರೊಬ್ಬರು ನೇರವಾಗಿ ಸ್ಪಗೆಟ್ಟಿ ತಟ್ಟೆಗೇ ಹಾರಿದರು. ಬದಲಾಯಿಸಿದ ಅಂಗಿಯ ತುಂಬ ಟೊಮೆಟೊ ಸಾಸು!

ಸೌಟು ಹಿಡಿದೇ ಓಡಿಬಂದ ಅಜ್ಜಿ ಗಾಜಿನ ರಾಶಿಯ ಮುಂದೆ ನಿಂತುಬಿಟ್ಟರು. "ಒಂದೂ ಉಳೀಲಿಲ್ವಲ್ಲಪ್ಪಾ!"

ಫ್ರೇಮಯ್ಯನವರು ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಹಿಂದಿನಿಂದ ಹೆಂಡತಿ ಅದನ್ನು ಮೆಲ್ಲಗೆ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅರೆ, ಇದೊಂದಕ್ಕೆ ಒಂದು ಗೀರೂ ಬಿದ್ದಿಲ್ಲ!" ಅಜ್ಜಿ ರಾಶಿಯೊಳಗಿಂದ ಎತ್ತಿ ಹಿಡಿದರು. ಒಳಗೆ ಷಡ್ಡಕ, ಅದೇ ಹಲ್ಲು. "ಏನು ಕೈಚಳಕ! ಷಡ್ಡಕ ಅಂತ ಎಷ್ಟು ಮುತುವರ್ಜಿಯಿಂದ ಮಾಡಿದ್ದೀಯಪ್ಪಾ!"

ಪ್ಲಾಸ್ಟಿಕ್ಕಿನ ಗುಟ್ಟು ಹೇಳಲು ಫ್ರೇಮಯ್ಯನವರು ಬಾಯಿ ತೆರೆದರು. ಹೇಳಿದರೆ ಹೊಟ್ಟೆಕಿಚ್ಚಿನ ಗುಟ್ಟೂ ಆಚೆ ಬರುತ್ತದೆ. ಬಾಯಿ ಮುಚ್ಚಿದರು.

"ಉಳಿದವನ್ನ ನೀನು ಸರಿಮಾಡಿ ಕೊಡೋವರೆಗೂ ಗೋಡೆ ನಡುವೆ ಇವನೊಬ್ಬನೇ ಇರ್ಲಿ. ಇನ್ನೊಂಚೂರು ದೊಡ್ಡ ಕಟ್ಟು ಇದ್ದಿದ್ರೆ..."

"ಇದೆ ಅಜ್ಜಿ!" ಎಂದರು ಹೆಂಡತಿ. "ಚಿನ್ನದ ಬಣ್ಣದ್ದು, ನಮ್ಮ ಮಂಚದ ಕೆಳಗಿದೆ. ಭಾವನಿಗೋಸ್ಕರ ಇವರು ಗುಟ್ಟಾಗಿ ಮಾಡಿಟ್ಟಿದ್ದಾರೆ. ಅಲ್ವಾ ರೀ?"

ಮರುದಿನ ಫ್ರೇಮಯ್ಯನವರು ಏಣಿ ಹತ್ತಿದರು. ಕೆಳಗೆ ಏಣಿ ಹಿಡಿದಿದ್ದ ಷಡ್ಡಕ ಕಣ್ಣೊರೆಸಿಕೊಂಡ.

"ನನ್ನ ಮೇಲೆ ನಿನಗೆ ಇಷ್ಟೊಂದು ಪ್ರೀತಿ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣಯ್ಯಾ. ಏನೂ ಅನ್ಕೋಬೇಡ, ನನ್ನ ಮುಖ ವಾಲಿದೆ. ಸ್ವಲ್ಪ ಎಡಕ್ಕೆ."

ಫ್ರೇಮಯ್ಯನವರು ಸ್ವಲ್ಪ ಎಡಕ್ಕೆ ಸರಿಸಿದರು.