ಸತ್ತ ಬೀದಿಯ ತಲೆ ಎಣಿಕೆ

ಗೋಳೆಲ್ಲ ಶುರುವಾದದ್ದು ಒಂದು ಚೀಟಿಯಿಂದ. ಬೀದಿಯಲ್ಲಿ ಬೇರೆ ಗೋಡೆಯೇ ಇಲ್ಲವೆಂಬಂತೆ ನಗರಸಭೆಯವರು ಅದನ್ನು ಪಂಚರಣ್ಣನ ಸೈಕಲ್ ಶಾಪಿನ ಬಾಗಿಲಿಗೇ ಅಂಟಿಸಿ ಹೋಗಿದ್ದರು. ಬೆಳಿಗ್ಗೆ ಬಾಗಿಲು ತೆಗೆಯಲು ಬಂದವನು ಚೀಟಿ ನೋಡಿ, ಅಂಗಡಿಗೆ ಬೀಗ ಜಡಿಯುವ ನೋಟೀಸೇ ಇರಬೇಕು ಎಂದುಕೊಂಡು ಮೆಟ್ಟಿಲ ಮೇಲೇ ಕುಸಿದು ಕೂತ. ಆಮೇಲೆ ಧೈರ್ಯ ಮಾಡಿ ಓದಿದ.

ಕಳೆಗುಂದಿದ ಬೀದಿಗಳಿಗೆ ಮತ್ತೆ ಜೀವ ತುಂಬಲು ನಗರಸಭೆ ಸೈಕಲ್ಲಿಗೂ ಕಾಲ್ನಡಿಗೆಗೂ ಮೀಸಲಾದ ದಾರಿ ಹಾಕುತ್ತದಂತೆ. ಇಕ್ಕೆಲದಲ್ಲಿ ಮರ, ಕೂರಲು ಬೆಂಚು, ಸಾಲು ದೀಪ. ದಾರಿ ಬಂದರೆ ಜನ ಬರುತ್ತಾರೆ, ಜನ ಬಂದರೆ ವ್ಯಾಪಾರ ಬರುತ್ತದೆ. ಆದರೆ ಒಂದು ಹಗಲಿನಲ್ಲಿ ನಾನೂರು ಮಂದಿ ನಡೆದೋ ಸೈಕಲ್ ತುಳಿದೋ ಹೋಗುವ ಬೀದಿಗೆ ಮಾತ್ರ ಈ ಭಾಗ್ಯ. ಅಂದರೆ ಸತ್ತ ಬೀದಿ ತಾನು ಸತ್ತಿಲ್ಲವೆಂದು ರುಜುವಾತು ಮಾಡಿದರೆ ಅದಕ್ಕೆ ಜೀವ ಕೊಡುತ್ತಾರೆ. ನಗರಸಭೆಯ ಬುದ್ಧಿಯೇ ಬುದ್ಧಿ. ಎಣಿಕೆಯ ದಿನ ಯಾವುದೆಂದು ನೋಡಿದರೆ ಇವತ್ತೇ.

ಬೀದಿಯ ಕೊನೆಯಲ್ಲಿದ್ದ ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಪಂಚರಣ್ಣ ನೊಣ ಹೊಡೆಯುತ್ತಾ ಕೂತಿದ್ದ. ಬಾಡಿಗೆಗೆಂದು ಇಟ್ಟಿದ್ದ ಹನ್ನೊಂದು ಸೈಕಲ್ಲುಗಳು ಗೋಡೆಗೆ ಒರಗಿಕೊಂಡು ಅವನ ಜೊತೆಗೇ ಮುದಿಯಾಗುತ್ತಿದ್ದವು. ಹೆಂಡತಿ ಗಡುವು ಕೊಟ್ಟಾಗಿತ್ತು. ಈ ತಿಂಗಳೊಳಗೆ ಅಂಗಡಿಗೆ ಜನ ಬರದಿದ್ದರೆ ಬಾಗಿಲು ಹಾಕಿ ಅವಳ ತಮ್ಮನ ಪ್ಲಾಸ್ಟಿಕ್ ಡಬ್ಬಿ ಕಾರ್ಖಾನೆಗೆ ಸೇರಿಕೊಳ್ಳಬೇಕು. ಡಬ್ಬಿಗೆ ಮುಚ್ಚಳ ಹಾಕುವ ಕೆಲಸ. ಅದಕ್ಕೆ ಪಂಚರಣ್ಣನ ಅಭ್ಯಂತರವಿರಲಿಲ್ಲ. ಆದರೆ ಭಾವಮೈದನ ಬಾಯಿಗೆ ಮುಚ್ಚಳವಿರಲಿಲ್ಲ. ತಾನು ಬರಿಗೈಯಲ್ಲಿ ಮೇಲೆ ಬಂದ ಕತೆಯನ್ನು ಆತ ಕೆಲಸಗಾರರಿಗೆ ದಿನಕ್ಕೆರಡು ಸಲ ಹೇಳುತ್ತಿದ್ದ. ಭಾವನ ಬದುಕು ಹೇಗೆ ಕೆಟ್ಟಿತು ಎನ್ನುವುದು ಅದರಲ್ಲಿ ಉದಾಹರಣೆಯಾಗಿ ಬರುತ್ತಿತ್ತು. ತನ್ನ ಕತೆಯನ್ನು ತಾನೇ ಎದುರು ಕೂತು ಕೇಳಬೇಕಾಗುತ್ತದಲ್ಲಾ ಎಂದು ನೆನೆದಾಗಲೆಲ್ಲ ಅವನು ಎದ್ದು ಸೈಕಲ್ಲುಗಳ ಧೂಳು ಒರೆಸುತ್ತಿದ್ದ.

ಏಳು ಗಂಟೆಗೆ ಸರಿಯಾಗಿ ನಗರಸಭೆಯ ಗುಮಾಸ್ತರು ಬಂದು ಬೀದಿಯ ಬಾಯಲ್ಲಿ ಮಡಚುವ ಕುರ್ಚಿ ಹಾಕಿ ಕೂತರು. ತೊಡೆಯ ಮೇಲೆ ದಪ್ಪ ಪುಸ್ತಕ, ಪಕ್ಕದಲ್ಲಿ ಚೀಲ. ಮಧ್ಯಾಹ್ನದ ಹೊತ್ತಿಗೆ ಪಂಚರಣ್ಣ ತಡೆಯಲಾರದೆ ಹತ್ತಿರ ಹೋದ.

"ಸಾರ್, ಎಷ್ಟಾಯ್ತು?"

"ಇಪ್ಪತ್ಮೂರು. ಅದರಲ್ಲಿ ನೀವೇ ಒಬ್ಬರು."

"ಈಗ ಒಂದು ನಾಯಿ ಹೋಯ್ತಲ್ಲ ಸಾರ್."

"ನಾಯಿಗೆ ಕಾಲಂ ಇಲ್ಲ."

"ನಾನೇ ಇನ್ನೊಂದ್ಸಲ ಹಾಗೆ ಹೋಗಿ ಹೀಗೆ ಬಂದ್ರೆ?"

"ಬರೆದೋರನ್ನೇ ಮತ್ತೆ ಬರೆಯೋ ಹಾಗಿಲ್ಲ," ಎಂದರು ಗುಮಾಸ್ತರು, ಪುಸ್ತಕದಿಂದ ತಲೆ ಎತ್ತದೆ.

ಪಂಚರಣ್ಣ ಜೋಲುಮೋರೆ ಹಾಕಿಕೊಂಡು ವಾಪಸಾಗುವಾಗ ಮಹಡಿ ಮನೆಯ ಅಕ್ಕ ಮೇಲಿನಿಂದ ಕೂಗಿದರು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಮೊದಲು ಗೊತ್ತಾಗಬೇಕು. ವಿಷಯ ಕೇಳಿದ್ದೇ ತಡ, ಕೆಳಗಿಳಿದು ಬಂದು ಇಸ್ತ್ರಿ ಅಂಗಡಿಯಲ್ಲಿ ಸಭೆ ಸೇರಿಸಿಯೇಬಿಟ್ಟರು.

"ಆ ಮನುಷ್ಯನ ಕಣ್ಣು ಪುಸ್ತಕದ ಮೇಲೇ ಇರುತ್ತೆ, ನಾನು ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ," ಎಂದರು ಅಕ್ಕ. "ಅವನಿಗೆ ಕಾಣೋದು ಕುತ್ತಿಗೆಯಿಂದ ಕೆಳಗೆ. ಬಟ್ಟೆ ಬದಲಾದ್ರೆ ಆಳೂ ಬದಲಾದ ಹಾಗೇ."

ಎಲ್ಲರ ಕಣ್ಣೂ ಏಕಕಾಲಕ್ಕೆ ಇಸ್ತ್ರಿಯವನ ಕಪಾಟಿನತ್ತ ತಿರುಗಿತು. ಊರಿನವರ ಬಟ್ಟೆಯೆಲ್ಲ ಅಲ್ಲಿ ಗರಿಗರಿಯಾಗಿ ಮಡಿಸಿ ಕೂತಿತ್ತು.

"ಅಯ್ಯೋ ಬೇಡಿ, ಗಿರಾಕಿಗಳು ನನ್ನನ್ನ ಸುಮ್ನೆ ಬಿಡ್ತಾರಾ?" ಎಂದ ಇಸ್ತ್ರಿಯವನು.

"ದಾರಿ ಬಂದ್ರೆ ನಿನಗೆ ಇದರ ಹತ್ತರಷ್ಟು ಗಿರಾಕಿ ಬರ್ತಾರೆ ಕಣಯ್ಯಾ. ಇವರನ್ನ ಕಟ್ಕೊಂಡು ಏನು ಮಾಡ್ತೀಯಾ?" ಎಂದು ಅಕ್ಕ ಮೊದಲ ಕೋಟನ್ನು ತಾವೇ ಎಳೆದುಕೊಂಡರು.

ಮನೆಮನೆಯಿಂದ ಎಬ್ಬಿಸಿ ತಂದವರೂ ಸೇರಿ ಹದಿನಾಲ್ಕು ಜನರಾದರು. ಗಿರಣಿಯ ಕಡೆಯಿಂದ ಹೊರಟು ಗುಮಾಸ್ತರ ಮುಂದೆ ಹಾದು, ಹಿಂದಿನ ಓಣಿಯಿಂದ ಇಸ್ತ್ರಿ ಅಂಗಡಿಯ ಹಿತ್ತಲಿಗೆ ನುಗ್ಗಿ, ಬಟ್ಟೆ ಬದಲಿಸಿ ಮತ್ತೆ ಗಿರಣಿಯ ಕಡೆಗೆ ಹೋಗುವುದು. ಅರ್ಧ ಜನ ನಡಿಗೆ, ಅರ್ಧ ಜನ ಸೈಕಲ್. ಹನ್ನೊಂದು ಸೈಕಲ್ಲುಗಳಿಗೂ ಪಂಚರಣ್ಣ ಗಾಳಿ ಹೊಡೆದ. ಚೈನಿಗೆ ಎಣ್ಣೆ ಬಿಟ್ಟ. ಬ್ರೇಕಿನ ರಬ್ಬರು ಗಟ್ಟಿಯಾಗಿ ಕಲ್ಲಾಗಿದೆಯೆಂದು ಅವನಿಗೆ ಗೊತ್ತಿತ್ತು. ಆದರೆ ಬದಲಿಸುತ್ತ ಕೂರಲು ಹೊತ್ತೆಲ್ಲಿತ್ತು?

ಬೀದಿ ಗಿರಣಿಯಿಂದ ಇಳಿಜಾರು. ಮೊದಲ ಸೈಕಲ್ ಹತ್ತಿದವರು ನಿವೃತ್ತ ಹೆಡ್‌ಮೇಷ್ಟ್ರು. ಮೂವತ್ತು ವರ್ಷದಿಂದ ಪೆಡಲ್ ಮುಟ್ಟದವರು ಟಿಕೆಟ್ ಕಲೆಕ್ಟರೊಬ್ಬರ ಕರಿ ಕೋಟು ತೊಟ್ಟು ಗಂಭೀರವಾಗಿಯೇ ಹೊರಟರು. ಅರ್ಧ ದಾರಿಯಲ್ಲಿ ಗಾಂಭೀರ್ಯ ಹೋಯಿತು, ಸೈಕಲ್ ಮಾತ್ರ ಹೋಗುತ್ತಲೇ ಇತ್ತು. "ಇದು ನಿಲ್ಲೋದು ಹೇಗಪ್ಪಾ?" ಎಂದು ಕೇಳುತ್ತಲೇ ಅವರು ಗುಮಾಸ್ತರ ಕಾಲ ಬುಡದಲ್ಲಿ ನಿಂತರು, ಅಂದರೆ ಬಿದ್ದರು.

ಗುಮಾಸ್ತರು ಎದ್ದು ಬಂದು ಎಬ್ಬಿಸಿದರು. "ಪೆಟ್ಟಾಯ್ತಾ? ಬ್ರೇಕ್ ಹಿಡೀಲಿಲ್ವಾ, ದಾರಿ ಸಾಲ್ದೆ ಹೋಯ್ತಾ?" ಎಂದು ಅಕ್ಕರೆಯಿಂದ ವಿಚಾರಿಸಿ, ಚೀಲದಿಂದ ಹತ್ತಿ ತೆಗೆದು ಮಂಡಿಗೆ ಒತ್ತಿದರು. ಆಮೇಲೆ ಕೂತು ಬರೆದುಕೊಂಡರು. ಸರ್ಕಾರಿ ಕೆಲಸದಲ್ಲಿ ಇಂಥ ಮನುಷ್ಯರೂ ಇದ್ದಾರಲ್ಲಾ ಎಂದು ಪಂಚರಣ್ಣನ ಕಣ್ಣು ಒದ್ದೆಯಾಯಿತು.

ಆಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಅಕ್ಕ ಒಂದು ಸಲ ಗಂಡಸಿನ ಕೋಟಿನಲ್ಲಿ ಬಂದರು, ಇನ್ನೊಂದು ಸಲ ನರ್ಸಿನ ಬಿಳಿ ಉಡುಪಿನಲ್ಲಿ. ಇಸ್ತ್ರಿಯವನು ಯಾರದೋ ಮದುವೆಯ ಸೂಟಿನಲ್ಲಿ ಚರಂಡಿಗೆ ಬಿದ್ದ. ಪಂಚರಣ್ಣ ಎಲ್ಲಕ್ಕಿಂತ ಕೆಟ್ಟ ಸೈಕಲ್ಲನ್ನು ತನ್ನ ಧರ್ಮವೆಂದು ತಾನೇ ಇಟ್ಟುಕೊಂಡಿದ್ದ. ಒಂದು ಸಲ ಲಾಂದ್ರದ ಕಂಬಕ್ಕೆ ಡಿಕ್ಕಿ ಹೊಡೆದ, ಒಂದು ಸಲ ತನ್ನ ಹೆಂಡತಿಗೇ ಹೊಡೆದ.

"ಹದಿನೈದು ವರ್ಷದಲ್ಲಿ ಇವತ್ತೇ ನೀವು ಇಷ್ಟು ಹತ್ತಿರ ಬಂದಿದ್ದು," ಎಂದಳು ಅವಳು, ಬಿದ್ದಲ್ಲಿಂದಲೇ.

ಮೂರು ಗಂಟೆಗೆ ನಿಜವಾದ ಟಿಕೆಟ್ ಕಲೆಕ್ಟರು ಕೋಟು ಒಯ್ಯಲು ಬಂದರು. ಕೋಟು, ಈ ಸಲ ಪಂಚೆಯ ಜೊತೆಗೂಡಿ, ಅವರ ಎದುರಿಗೇ ಸೈಕಲ್ ಮೇಲೆ ಹಾದುಹೋಯಿತು. "ರೀ, ನನ್ನ ಕೋಟು! ನಿಲ್ಸಿ!" ಎಂದು ಅವರು ಅಟ್ಟಿಸಿಕೊಂಡು ಹೋದರು. ನಿಲ್ಲಿಸಲು ಮೇಷ್ಟ್ರಿಗೂ ಆಸೆಯಿತ್ತು. ಇಬ್ಬರೂ ಒಟ್ಟಿಗೇ ಕುರ್ಚಿಯ ಮುಂದೆ ಉರುಳಿದರು. ಗುಮಾಸ್ತರು ಇಬ್ಬರಿಗೂ ಹತ್ತಿ ಒತ್ತಿ, ಇಬ್ಬರನ್ನೂ ಬರೆದುಕೊಂಡರು. ಅಕ್ಕ ಟಿಕೆಟ್ ಕಲೆಕ್ಟರನ್ನು ಹಿತ್ತಲಿಗೆ ಕರೆದೊಯ್ದು ನೀರು ಕೊಟ್ಟು ಅದೇನು ಹೇಳಿದರೋ, ಅರ್ಧ ಗಂಟೆಯಲ್ಲಿ ಆತನೂ ಯಾರದೋ ಹೂವಿನ ಅಂಗಿ ತೊಟ್ಟು ಶಿಳ್ಳೆ ಹೊಡೆಯುತ್ತಾ ಗುಮಾಸ್ತರ ಮುಂದೆ ಹಾದುಹೋದ.

ಆರು ಗಂಟೆಗೆ ಗುಮಾಸ್ತರು ಗೆರೆ ಎಳೆದು ಕೂಡಿದರು. ಹದಿನಾಲ್ಕು ಜನವೂ ತಮ್ಮ ತಮ್ಮ ಬಟ್ಟೆಯಲ್ಲಿ, ಕುಂಟುತ್ತಾ, ಏನೂ ಅರಿಯದವರಂತೆ ಸುತ್ತ ಸೇರಿದರು. ಪಂಚರಣ್ಣ ಪುಸ್ತಕದ ಮೇಲೆ ಬಗ್ಗಿದ. ತಾನು ಡಬ್ಬಿಗೆ ಹೋಗಬೇಕೋ ಸೈಕಲ್ಲಿನ ಜೊತೆ ಉಳಿಯಬೇಕೋ ಎನ್ನುವುದು ಆ ಒಂದು ಮೊತ್ತದಲ್ಲಿತ್ತು.

"ನಾನೂರ ಹದಿನೇಳು," ಎಂದರು ಗುಮಾಸ್ತರು. "ನಿಮ್ಮ ಬೀದಿಗೆ ದಾರಿ ಬಂತು ಅಂತಾನೇ ಇಟ್ಕೊಳ್ಳಿ. ನಾನು ಬರೆದಿದ್ದನ್ನ ಮೇಲಿನವರು ತೆಗೆದುಹಾಕಿದ್ದೇ ಇಲ್ಲ."

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಇಸ್ತ್ರಿಯವನು ಪಂಚರಣ್ಣನನ್ನು ತಬ್ಬಿಕೊಂಡ. ಪಂಚರಣ್ಣ ಆಗಲೇ ಮನಸ್ಸಿನಲ್ಲಿ ಹನ್ನೊಂದು ಸೈಕಲ್ಲಿಗೂ ಹೊಸ ಬಣ್ಣ ಬಳಿದು, ಭಾವಮೈದನಿಗೊಂದು ಒಳ್ಳೆಯ ಮಾತು ಹೊಂದಿಸುತ್ತಿದ್ದ.

"ಅಗಲವಾದ ನಡಿಗೆ ದಾರಿ," ಗುಮಾಸ್ತರು ಮುಂದುವರಿಸಿದರು. "ಮರ, ಬೆಂಚು, ದೀಪ, ಎಲ್ಲ ಇರುತ್ತೆ. ಸೈಕಲ್ಲಿಗೆ ಮಾತ್ರ ಇಲ್ಲಿ ಪ್ರವೇಶ ಇಲ್ಲ ಅಂತ ಬರೆದಿದೀನಿ."

ಪಂಚರಣ್ಣ ಇಸ್ತ್ರಿಯವನ ತೋಳು ಬಿಡಿಸಿಕೊಂಡ. "ಸೈಕಲ್ಲಿಗೆ ಇಲ್ವಾ? ಯಾಕೆ ಸಾರ್?"

"ಯಾಕೆ ಅಂತ ನೀವು ಕೇಳ್ತೀರಲ್ರೀ. ಇಪ್ಪತ್ತು ವರ್ಷದಿಂದ ಬೀದಿ ಎಣಿಸ್ತಿದೀನಿ, ಒಂದೇ ಹಗಲಲ್ಲಿ ಮೂವತ್ತೊಂದು ಸೈಕಲ್ ಬಿದ್ದಿದ್ದು ಎಲ್ಲೂ ನೋಡಿಲ್ಲ. ಎಲ್ಲ ವಯಸ್ಸಿನೋರು, ಎಲ್ಲ ಕಸುಬಿನೋರು. ಒಬ್ಬ ನರ್ಸ್, ಒಬ್ಬ ಮದುಮಗ, ರೈಲ್ವೆಯೋರು. ಇಷ್ಟು ಅಪಾಯದ ಇಳಿಜಾರಲ್ಲಿ ಸೈಕಲ್ ಬಿಟ್ರೆ ಆ ಪಾಪ ನನಗೆ ಬರುತ್ತೆ."

"ಸಾರ್, ಬೀದಿ ಏನೂ ಮಾಡಿಲ್ಲ ಸಾರ್. ಬಿದ್ದೋರೆಲ್ಲ..." ಎಂದು ಪಂಚರಣ್ಣ ಬಾಯಿ ತೆರೆದ.

ಅಕ್ಕ ಅವನ ಕಾಲನ್ನು ಬಲವಾಗಿ ಮೆಟ್ಟಿದರು. ಪಂಚರಣ್ಣ ಸುತ್ತ ನೋಡಿದ. ಬಿದ್ದವರೆಲ್ಲ ಈ ಹದಿನಾಲ್ಕು ಜನವೇ, ಬಿದ್ದದ್ದು ನನ್ನ ಬ್ರೇಕಿನಿಂದ ಎಂದರೆ ಮೂವತ್ತೊಂದರ ಜೊತೆಗೆ ನಾನೂರ ಹದಿನೇಳೂ ಹೋಗುತ್ತದೆ. ಹದಿಮೂರು ಜೋಡಿ ಕಣ್ಣು ಅವನನ್ನೇ ನುಂಗುವಂತೆ ನೋಡುತ್ತಿದ್ದವು.

"ಬಿದ್ದೋರೆಲ್ಲ ಏನು?" ಎಂದರು ಗುಮಾಸ್ತರು.

"ಪಾಪ ಅಂತ," ಎಂದ ಪಂಚರಣ್ಣ.

"ನಿಜ ಹೇಳ್ಬೇಕು ಅಂದ್ರೆ ಈ ಸೈಕಲ್ಲಿನೋರ ಕಾಟ ನಮಗೂ ಸಾಕಾಗಿತ್ತು ಸಾರ್," ಎಂದು ಹೆಡ್‌ಮೇಷ್ಟ್ರು ಮಂಡಿ ನೀವಿಕೊಂಡರು. ಬೀದಿಯಲ್ಲಿ ವರ್ಷಗಳಿಂದ ಒಂದು ಸೈಕಲ್ಲೂ ಓಡಿರಲಿಲ್ಲ. ಆದರೂ ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಇಸ್ತ್ರಿಯವನಂತೂ ನಡೆದು ಬರುವವರ ಬಟ್ಟೆ ಜಾಸ್ತಿ ಸುಕ್ಕಾಗುತ್ತದೆಂದು ಲೆಕ್ಕ ಹಾಕತೊಡಗಿದ್ದ.

"ಬೀದಿಯ ಪರವಾಗಿ ಒಬ್ಬರು ಸಾಕ್ಷಿ ಸಹಿ ಹಾಕ್ಬೇಕು," ಎಂದರು ಗುಮಾಸ್ತರು.

"ಇವರೇ ಹಾಕ್ಲಿ. ಇಷ್ಟಕ್ಕೆಲ್ಲ ಕಾರಣ ಇವರೇ," ಎಂದು ಅಕ್ಕ ಪಂಚರಣ್ಣನನ್ನು ಮುಂದಕ್ಕೆ ತಳ್ಳಿದರು.

ಅವನು ಸಹಿ ಹಾಕಿದ. ಮತ್ತೊಮ್ಮೆ ಚಪ್ಪಾಳೆಯಾಯಿತು. ಗುಮಾಸ್ತರು ಕುರ್ಚಿ ಮಡಚಿ, ಅವನ ಕೈ ಕುಲುಕಿ, ಉಳಿದ ಹತ್ತಿಯನ್ನೂ ಅವನಿಗೇ ಕೊಟ್ಟು ಹೊರಟರು. ಜನರೆಲ್ಲ ಬೆಂಚು ಯಾರ ಮನೆಯ ಮುಂದೆ ಬರಬೇಕೆಂದು ಜಗಳವಾಡುತ್ತಾ ಚದುರಿದರು.

ಹೆಂಡತಿ ಸೆರಗಿನಲ್ಲಿ ಮೊಣಕೈ ಒತ್ತಿಕೊಂಡು ಪಕ್ಕದಲ್ಲಿ ಬಂದು ನಿಂತಳು.

"ನಿನ್ನ ತಮ್ಮನಿಗೊಂದು ಫೋನ್ ಮಾಡೇ," ಎಂದ ಪಂಚರಣ್ಣ. "ಸೋಮವಾರ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳು. ಕತೆ ಹೇಳೋದು ಯಾವ ಹೊತ್ತಿಗೆ ಅಂತಾನೂ ಕೇಳು."

"ಯಾಕೆ, ಅದು ಮುಗಿದ ಮೇಲೆ ಹೋಗ್ತೀರಾ?"

"ಇಲ್ಲ ಕಣೇ. ಇವತ್ತಿನದನ್ನ ನಾನೇ ಹೇಳಿಬಿಡ್ತೀನಿ. ಅವನ ಬಾಯಲ್ಲಿ ಕೇಳೋದಕ್ಕಿಂತ ಅದೇ ಮೇಲು."